ಪಂಚಮಿಯೊಳಗೆ ತುಂಬಿಕೊಡಲಾಗುವುದು

ಬ್ಯಾಡಗಿಯ ನಮ್ಮ ಓಣಿಯಲ್ಲಿ ಈಗ ‘ತುಂಬಿಕೊಡುತ್ತೇನೆ’ ಎಂಬ ಮಾತನ್ನು ಯಾರೂ ಹಿಂದುಮುಂದು ನೋಡದೆ ಆಡುವುದಿಲ್ಲ. ಕೊಡ ತುಂಬಿಕೊಡುವುದಿದ್ದರೆ ಕೊಡ ಎಂದೇ ಹೇಳುತ್ತಾರೆ, ಫಾರ್ಮು ತುಂಬಿಕೊಡುವುದಿದ್ದರೆ ಫಾರ್ಮು ಎಂದೇ ಹೇಳುತ್ತಾರೆ. ಭಾಷೆಯ ವಿಷಯದಲ್ಲಿ ನಮಗೆ ಇಷ್ಟು ಶಿಸ್ತು ಬಂದದ್ದು ಶಾಲೆಯಿಂದಲ್ಲ, ತಿರಕಪ್ಪನವರ ನೀರಿನ ಟಾಕಿಯಿಂದ.

ತಿರಕಪ್ಪನವರು ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದವರು. ಹಾವೇರಿ, ರಾಣೆಬೆನ್ನೂರು, ಕೊನೆಗೆ ನಮ್ಮೂರು, ಎಲ್ಲಿ ಹಾಕಿದರೂ ಅವರಿಗೆ ಸಿಕ್ಕದ್ದು ಮೈಕಿನ ಮುಂದಿನ ಕುರ್ಚಿ. “ಕಾಗಿನೆಲೆ ಕಡೆಗೆ ಹೋಗುವ ಪ್ರಯಾಣಿಕರ ಗಮನಕ್ಕೆ” ಎಂದು ಅವರು ಶುರು ಮಾಡಿದರೆ, ಕಾಗಿನೆಲೆಗೆ ಹೋಗದವರೂ ಎದ್ದು ನಿಲ್ಲುತ್ತಿದ್ದರು. ನಿವೃತ್ತಿಯ ದಿನ ಶಾಲು ಹೊದಿಸಿ ಮನೆಗೆ ಕಳಿಸಿದರು. ಮೈಕು ನಿಲ್ದಾಣದಲ್ಲೇ ಉಳಿಯಿತು, ಮೈಕಿನ ಭಾಷೆ ಮಾತ್ರ ಅವರ ಜೊತೆ ಮನೆಗೆ ಬಂತು.

ಹೆಂಡತಿ ಪುಷ್ಪಾವತಿ “ರೊಟ್ಟಿ ಆರತಾವ, ಲಗೂ ಬರ್ರಿ” ಎಂದರೆ, “ಕೆಲವೇ ಕ್ಷಣಗಳಲ್ಲಿ ಆಗಮಿಸಲಾಗುವುದು” ಎಂದು ಪಡಸಾಲೆಯಿಂದ ಉತ್ತರ ಬರುತ್ತಿತ್ತು. ಯಾರದಾದರೂ ಕಾಲು ತುಳಿದರೆ “ಅನಾನುಕೂಲಕ್ಕಾಗಿ ವಿಷಾದಿಸುತ್ತೇವೆ” ಎನ್ನುವರು. ಆ ‘ತ್ತೇವೆ’ಯಲ್ಲಿ ಇನ್ನೊಬ್ಬರು ಯಾರು ಎಂದು ತುಳಿಸಿಕೊಂಡವರು ಹಿಂತಿರುಗಿ ಹುಡುಕುವರು. ಆದರೂ ಓಣಿಗೆ ಅವರ ಮೇಲೆ ಗೌರವ. ‘ಆಗುವುದು’, ‘ಹೋಗುವುದು’ ಎಂದು ಪೂರ್ತಿಯಾಗಿ ಮಾತಾಡುವ ಮನುಷ್ಯನಿಗೆ ಕಾನೂನು ಗೊತ್ತಿರುತ್ತದೆ ಎಂಬುದು ನಮ್ಮ ನಂಬಿಕೆ.

ಆಷಾಢ ಮುಗಿಯುತ್ತ ಬಂದಿತ್ತು, ನಾಗರಪಂಚಮಿ ಹತ್ತಿರವಾಗಿತ್ತು. ಹಿಡಿದ ಮಳೆ ಬಿಟ್ಟು ಒಂದು ದಿನ ಗರಿಗರಿ ಬಿಸಿಲು ಬಿತ್ತು. ಪಕ್ಕದ ಮನೆಯ ಗದಿಗೆವ್ವ ವರ್ಷದ ಖಾರಪುಡಿಗೆಂದು ಇಟ್ಟಿದ್ದ ಮೆಣಸಿನಕಾಯಿಗೆ ಮುಗ್ಗು ಹಿಡಿದೀತೆಂದು ತನ್ನ ಮಾಳಿಗೆಯ ಮೇಲೆ ಹಳೆಯ ಸೀರೆ ಹಾಸಿ ಹರವಿದಳು. ಗಂಡ ಹೊಳಿಯಪ್ಪ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ತೂಗುವವನು. ಸಾವಿರಾರು ಚೀಲದಲ್ಲಿ ಕಣ್ಣಿಟ್ಟು ಆರಿಸಿ ತಂದ ಕಾಯಿ. ಅದರ ಕೆಂಪಿಗೆ ಇಡೀ ಮಾಳಿಗೆಯೇ ಕುಂಕುಮ ಇಟ್ಟುಕೊಂಡಂತೆ ಕಾಣುತ್ತಿತ್ತು.

ಇತ್ತ ತಿರಕಪ್ಪನವರು ಮೋಟಾರು ಹಚ್ಚಿ ಪೇಪರು ಹಿಡಿದು ಕುಳಿತರು. ಪೇಪರಿನಲ್ಲಿ ಅಂದು ಒಳ್ಳೆಯ ಕನ್ನಡ ಇತ್ತೋ ಏನೋ, ಏಳಲೇ ಇಲ್ಲ. ಟಾಕಿ ತುಂಬಿತು. ತುಂಬಿ ಹರಿಯಿತು. ಹರಿದ ನೀರು ತಿರಕಪ್ಪನವರ ಮಾಳಿಗೆಯಿಂದ ಕೊಳವೆಯಲ್ಲಿ ನೆಟ್ಟಗೆ ಗದಿಗೆವ್ವನ ಮಾಳಿಗೆಗೆ ಬಿತ್ತು. ಪುಷ್ಪಾವತಿ ಒಳಗಿಂದ ಕೂಗಿಕೊಂಡು, ಇವರು ಮೇಲೆ ಹತ್ತಿ ನೋಡುವ ಹೊತ್ತಿಗೆ ಮೆಣಸಿನಕಾಯಿ ಸಾರಿನಲ್ಲಿದ್ದಂತೆ ತೇಲುತ್ತಿತ್ತು. ಗದಿಗೆವ್ವ ಅಂಗಳದಲ್ಲಿ ನಿಂತು ಮೇಲಿಂದ ಹರಿದು ಬರುವ ಕೆಂಪು ನೀರನ್ನು ನೋಡುತ್ತಿದ್ದಳು.

ಬೇರೆ ಯಾರಾದರೂ ಆಗಿದ್ದರೆ “ತಪ್ಪಾತವ್ವಾ, ಬ್ಯಾರೆ ಮೆಣಸಿನಕಾಯಿ ತಂದ ಕೊಡತೇನಿ” ಎಂದು ಮುಗಿಸುತ್ತಿದ್ದರು. ತಿರಕಪ್ಪನವರು ಗಂಟಲು ಸರಿಮಾಡಿಕೊಂಡರು.

“ಗದಿಗೆವ್ವನವರ ಗಮನಕ್ಕೆ. ಆಗಿರುವ ಹಾನಿಯನ್ನು ತುಂಬಿಕೊಡಲಾಗುವುದು.”

ಎದುರಿಗೆ ರಹಿಮಾನಸಾಬನ ಹಿಟ್ಟಿನ ಗಿರಣಿ ಓಡುತ್ತಿತ್ತು. ಗಿರಣಿ ಓಡುವಾಗ ನಮ್ಮ ಓಣಿಯಲ್ಲಿ ಮಾತಿನ ನಡುವಿನ ಭಾಗ ಕೇಳುವುದಿಲ್ಲ, ತಲೆ ಮತ್ತು ಬಾಲ ಮಾತ್ರ ಕೇಳುತ್ತದೆ.

“ಏನಂದ್ರಿ?” ಎಂದಳು ಗದಿಗೆವ್ವ.

“ನಾನೇ ತುಂಬಿಕೊಡುತ್ತೇನೆ.”

“ನನಗ?”

“ನಿಮಗೇ. ಮನೆಗೆ ಬಂದು ತುಂಬಿಕೊಡಲಾಗುವುದು.”

ಗದಿಗೆವ್ವ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. “ಯಾವಾಗರಿ?”

ಮಾರುಕಟ್ಟೆಯಲ್ಲಿ ಒಳ್ಳೆಯ ಕಾಯಿ ಹುಡುಕಲು ಒಂದಿಷ್ಟು ದಿನ ಬೇಕೆಂದು ಎಣಿಸಿ, ತಿರಕಪ್ಪನವರು ಗಡುವು ಕೊಟ್ಟರು. “ಪಂಚಮಿಯೊಳಗೆ.”

ಗದಿಗೆವ್ವನ ಕಣ್ಣಲ್ಲಿ ನೀರು ಬಂತು. ನೆನೆದ ಮೆಣಸಿನಕಾಯಿಯ ಘಾಟು ಇರಬೇಕೆಂದು ತಿರಕಪ್ಪನವರು ಕೆಳಗಿಳಿದು ಪೇಪರಿನ ಉಳಿದ ಪುಟ ಓದಿದರು.

ಅವಳಿಗೆ ಕೇಳಿಸಿದ್ದೇ ಬೇರೆ. ಪಕ್ಕದ ಮನೆಯ ಗಂಡಸು, ಪಂಚಮಿಗೆ, ಮನೆಗೆ ಬಂದು, ನಾನೇ ತುಂಬುತ್ತೇನೆ ಎಂದ. ಪಂಚಮಿಗೆ ತುಂಬುವುದು ಇನ್ನೇನನ್ನು? ಉಡಿಯನ್ನು. ತವರಿನವರು ಹೆಣ್ಣುಮಗಳ ಸೆರಗಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣದ ಬೇರು, ಎಲೆ ಅಡಿಕೆ, ಕುಬಸದ ಖಣ ಹಾಕಿ, ನೀನು ನಮ್ಮಾಕಿ ಎಂದು ಕಳಿಸುವ ಉಡಿ. ತಿರಕಪ್ಪನವರು ತನಗೆ ಅಣ್ಣನಾಗಲು ಒಪ್ಪಿದ್ದಾರೆ ಎಂದು ಗದಿಗೆವ್ವ ತಿಳಿದಳು.

ಇದನ್ನು ಅವಳು ಒಬ್ಬಳೇ ತಿಳಿದಿದ್ದರೆ ಏನೂ ಆಗುತ್ತಿರಲಿಲ್ಲ. ನಲ್ಲಿಯ ಹತ್ತಿರ ಉಡಚವ್ವ ಇದ್ದಳು. ಉಡಚವ್ವನಿಗೆ ಒಂದು ಸುದ್ದಿ ಗೊತ್ತಾಗುವುದಕ್ಕೂ ಊರಿಗೆ ಗೊತ್ತಾಗುವುದಕ್ಕೂ ನಡುವೆ ಅಂತರ ಬಹಳ ಇರುವುದಿಲ್ಲ. ಹಿಟ್ಟು ಬೀಸಿಸಲು ಹೋದ ಪುಷ್ಪಾವತಿಗೆ ರಹಿಮಾನಸಾಬನೇ ಹೇಳಿದ.

“ಅಕ್ಕಾರ, ಛಲೋ ಕೆಲಸಾ ಮಾಡಿದ್ರಿ. ಪಾಪ, ಆಕಿಗೆ ತವರಿಲ್ಲ.”

ಪುಷ್ಪಾವತಿ ಹಿಟ್ಟಿನ ಡಬ್ಬಿಯನ್ನು ಗಿರಣಿಯಲ್ಲೇ ಬಿಟ್ಟು ಮನೆಗೆ ಬಂದಳು.

“ಗದಿಗೆವ್ವಗ ತುಂಬತೇನಿ ಅಂದೀರಂತ.”

“ಹೌದು. ಅದು ನಮ್ಮ ಕರ್ತವ್ಯ.”

“ಕರ್ತವ್ಯ ಇರವಲ್ದ್ಯಾಕ. ಮನ್ಯಾಗ ಒಬ್ಬಾಕಿ ಅದಾಳ, ಆಕಿನ್ನ ಒಂದ್ ಮಾತು ಕೇಳಬೇಕು ಅನ್ಸಲಿಲ್ಲ?”

“ತಪ್ಪು ನನ್ನಿಂದ ಆಗಿದೆ. ನಾನೇ ತುಂಬಿಕೊಡುತ್ತೇನೆ.”

“ನೀವು ಹ್ಯಾಂಗ ತುಂಬತೀರಿ? ಗಂಡಸರು ತುಂಬೂದು ಯಾ ಊರಾಗ ಐತಿ? ನಾನ ತುಂಬಬೇಕು.”

“ಯಾರು ತುಂಬಿದರೂ ನಡೆಯುತ್ತದೆ. ಐದು ಕಿಲೋ ಆದರೆ ಸಾಕು.”

ಪುಷ್ಪಾವತಿ ಕಂಬ ಹಿಡಿದುಕೊಂಡಳು. “ಐದು ಕಿಲೋ? ಆಕಿ ಸೆರಗು ತಡೀಬೇಕಲ್ರಿ.”

“ಸೆರಗಿನಲ್ಲಿ ಯಾಕೆ? ಚೀಲದಲ್ಲಿ ಹಾಕಿ ಕೊಟ್ಟರಾಯಿತು.”

“ಚೀಲದಾಗ.” ಪುಷ್ಪಾವತಿ ಒಂದು ಕ್ಷಣ ಗೋಡೆಯ ಮೇಲಿನ ದೇವರ ಫೋಟೋ ನೋಡಿದಳು. “ಹೋಗ್ಲಿ, ಬಣ್ಣಾ ಯಾವುದು ಅಂತ ಮಾಡೀರಿ?”

“ಕೆಂಪು. ಚೆನ್ನಾಗಿ ಸುಕ್ಕು ಬಿದ್ದಿರಬೇಕು. ನುಣುಪಾದದ್ದನ್ನು ಈ ಊರಿನಲ್ಲಿ ಯಾರೂ ಕೇಳುವುದಿಲ್ಲ.”

“ಸುಕ್ಕು ಬಿದ್ದ ಸೀರಿ ಕೊಟ್ಟು, ಚೀಲದಾಗ ಉಡಿ ತುಂಬಿದ್ರ ಊರಾಗಿನ ಮಂದಿ ನನ್ನ ಮಾರಿಗೆ ಉಗುಳ್ತಾರ.”

“ಯಾ ಉಡಿ?” ಎಂದರು ತಿರಕಪ್ಪನವರು.

ನಿವೃತ್ತಿಯಾದ ಮೇಲೆ ಆ ಮನೆಯಲ್ಲಿ ಅವರು ಆಡಿದ ಮೊದಲ ಆಡುಮಾತು ಅದು.

ಗಂಡ ಹೆಂಡತಿ ಕೂತು ಮಾತನ್ನು ತಲೆಯಿಂದ ಬಾಲದವರೆಗೆ ಬಿಚ್ಚಿ ನೋಡಿದರು. ತಿರಕಪ್ಪನವರ ನಿಲುವು ಸ್ಪಷ್ಟವಾಗಿತ್ತು. ತುಂಬಿಕೊಡುವುದು ಎಂದರೆ ಕೆಟ್ಟದ್ದರ ಜಾಗದಲ್ಲಿ ಒಳ್ಳೆಯದನ್ನು ಕೊಡುವುದು. ಕನ್ನಡ ಬಲ್ಲವರಿಗೆ ಇದರಲ್ಲಿ ಗೊಂದಲವೇ ಇಲ್ಲ.

“ಹಂಗಾರ ಹೋಗಿ ಆಕಿಗೆ ಹೇಳಿ ಬರ್ರಿ,” ಎಂದಳು ಪುಷ್ಪಾವತಿ. “ಇವತ್ತ ಹೇಳ್ರಿ. ತಡಾ ಮಾಡಿದಷ್ಟು ಆಕಿಗೆ ನಾಚಿಕಿ.”

ಹೇಳಿ ಬರಲು ತಿರಕಪ್ಪನವರು ಇಸ್ತ್ರಿ ಅಂಗಿ ಹಾಕಿಕೊಂಡು ಹೊರಟರು. ಗೇಟು ತೆಗೆಯುವಷ್ಟರಲ್ಲಿ ಪುರಸಭೆಯ ನೀರು ಬಿಡುವ ಯಲ್ಲೇಶ ಸೈಕಲ್ ನಿಲ್ಲಿಸಿದ.

“ಕಂಟ್ರೋಲರ್ ಸಾಹೇಬ್ರ, ಟಾಕಿ ತುಂಬಿ ಓಣಿ ತುಂಬ ನೀರು ಹರಿಸೀರಂತ. ಕಂಪ್ಲೇಂಟ್ ಬಂದೈತಿ. ಆಫೀಸಿಗೆ ಬಂದು ದಂಡಾ ತುಂಬಬೇಕ್ರಿ.”

“ತುಂಬಿಕೊಡಲಾಗುವುದು,” ಎಂದರು ತಿರಕಪ್ಪನವರು ರೂಢಿಯಿಂದ. ಹೇಳಿದ ಮೇಲೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು.

ಯಲ್ಲೇಶ ಇವರನ್ನು ಸಂಶಯದಿಂದ ನೋಡಿದ. “ನನಗ ಉಡಿಗಿಡಿ ಬ್ಯಾಡ್ರಿ ಮತ್ತ. ದಂಡಾ ಅಷ್ಟ ತುಂಬ್ರಿ.”

ಸುದ್ದಿ ಪುರಸಭೆಯವರೆಗೆ ಹೋಗಿದೆ ಎಂದು ತಿರಕಪ್ಪನವರಿಗೆ ಆಗ ತಿಳಿಯಿತು.

ಗದಿಗೆವ್ವನ ಮನೆಯ ಹೊಸ್ತಿಲು ಸಾರಿಸಿತ್ತು. ಕಾಲಿಡುವುದಕ್ಕೂ ಪುರುಸೊತ್ತಿಲ್ಲ, ಒಳಗಿಂದ ಹೊಳಿಯಪ್ಪ ಬಂದು ಕೈ ಹಿಡಿದ.

“ಬರ್ರಿ ಬೀಗರ, ಕುಂದ್ರಿ. ಅಲ್ರೀ, ಇಷ್ಟು ವರ್ಷ ಗ್ವಾಡಿ ಆಚೀಕ ಇದ್ರಿ, ಒಂದ್ ದಿನಾನೂ ಗೊತ್ತಾಗಲಿಲ್ಲ ನೋಡ್ರಿ ನೀವು ನಮ್ಮ ಬೀಗರು ಅಂತ.”

“ನನಗೂ ಗೊತ್ತಾಗಿರಲಿಲ್ಲ,” ಎಂದರು ತಿರಕಪ್ಪನವರು ಪ್ರಾಮಾಣಿಕವಾಗಿ.

“ಮಂದಿಗೆಲ್ಲ ಬೀಗರಿರತಾರ. ಬಂದಾಗ ಜಗಳಾ ತಗೀತಾರ, ಊಟಕ್ಕ ಉಪ್ಪಿಲ್ಲ ಅಂತಾರ, ಸಿಟ್ಟಾಗಿ ಎದ್ದು ಹೋಗತಾರ. ನಮ್ಮನ್ಯಾಗ ಅದೇನೂ ಇಲ್ಲರಿ. ಮನಿ ಭಣ ಭಣ.”

ತಿರಕಪ್ಪನವರು ಗಂಟಲು ಸರಿಮಾಡಿಕೊಂಡರು. “ನಾನು ಬಂದ ಕಾರಣವೆಂದರೆ, ‘ತುಂಬಿಕೊಡು’ ಎಂಬ ಪದದ ಅರ್ಥ ಮತ್ತು ಬಳಕೆಯ ಬಗ್ಗೆ ಒಂದು ಸ್ಪಷ್ಟನೆ.”

“ಅದನ್ನ ಆಕಿಗೆ ಹೇಳ್ರಿ. ಏ ಇವಳ, ನಿಮ್ಮಣ್ಣ ಬಂದಾನ.”

ಗದಿಗೆವ್ವ ಚಹಾ ತಂದಳು. ಜೊತೆಗೆ ಒಂದು ತಟ್ಟೆ ಚುರುಮುರಿ, ಅದರ ಮೇಲೆ ಎರಡು ಮಿರ್ಚಿ ಭಜಿ. ತಿರಕಪ್ಪನವರ ಎದುರಿಗೆ ಅಲ್ಲ, ಪಕ್ಕಕ್ಕೆ ನೆಲದ ಮೇಲೆ ಕೂತಳು. ಅಣ್ಣನ ಹತ್ತಿರ ಕೂರುವಂತೆ.

“ಅಣ್ಣಾ, ನಿಮಗ ಗೊತ್ತಿಲ್ಲ. ಐರಣ್ಯಾಗ ನನಗೊಬ್ಬ ತಮ್ಮ ಅದಾನ, ಲಕ್ಕಪ್ಪ ಅಂತ. ಅವನ ಮಗಳ ಮದುವ್ಯಾಗ ನಮಗ ಮನಿಗೆ ಬಂದು ಕರೀಲಿಲ್ಲ. ಫೋನಿನ್ಯಾಗ ಕಾರ್ಡು ಕಳಸಿದ. ಒಡಹುಟ್ಟಿದಾಕಿನ್ನ ಹಂಗ ಕರೀತಾರನು? ನಾ ಹೋಗಲಿಲ್ಲ. ಹೋಗಲಿಲ್ಲ ಅಂತ ಅವಗ ಸಿಟ್ಟು. ಅವತ್ತಿಂದ ತವರು ಮುಗೀತು.”

ಹೊಳಿಯಪ್ಪ ಮಿರ್ಚಿಯ ತೊಟ್ಟು ಕಿತ್ತು ತಟ್ಟೆಯನ್ನು ಬೀಗರ ಕಡೆ ಸರಿಸಿದ.

“ಹ್ವಾದ ಪಂಚಮಿಗೆ ಓಣ್ಯಾಗಿನ ಹೆಣ್ಮಕ್ಕಳೆಲ್ಲ ಉಂಡಿ ಕಟಗೊಂಡು ತವರಿಗೆ ಹೋದ್ರು. ನಾ ಬಾಗಲಾ ಹಾಕ್ಕೊಂಡು ಜ್ವರಾ ಬಂದೈತಿ ಅಂತ ಮಲಗಿದ್ದೆ. ಉಡಚವ್ವ ಬಂದು ಕೈ ಮುಟ್ಟಿ ನೋಡಿದಳು. ತಣ್ಣಗಿತ್ತು. ಆಕಿ ಏನೂ ಅನಲಿಲ್ಲ, ಹೊದಿಕಿ ಹೊಚ್ಚಿ ಹ್ವಾದಳು.” ಗದಿಗೆವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. “ಈ ಸಲ ಜ್ವರಾ ಬರೂದಿಲ್ಲ ನೋಡ್ರಿ. ಅದೇನೋ ಪದದ್ದು ಅಂದ್ರಲ್ಲ, ಏನದು?”

ತಿರಕಪ್ಪನವರು ಚಹಾ ಕುಡಿದರು. ಮಿರ್ಚಿ ತಿಂದರು. ಇನ್ನೊಂದು ಮಿರ್ಚಿಯನ್ನೂ ತಿಂದರು. ಮೈಕು ಕೈಕೊಟ್ಟಾಗ ಅವರು ಹೀಗೇ ಮಾಡುತ್ತಿದ್ದರು ಎಂದು ಹಳೆಯ ಚಾಲಕರು ಹೇಳುತ್ತಾರೆ.

ಮನೆಗೆ ಬಂದಾಗ ಪುಷ್ಪಾವತಿ ಬಾಗಿಲಲ್ಲೇ ಇದ್ದಳು. “ಹೇಳಿದ್ರಿ?”

“ಹೇಳಿದೆ.”

“ಏನಂತ?”

“ಕುಬಸದ ಅಳತಿ ಕೇಳಿ ಬಂದೆ.”

ಪುಷ್ಪಾವತಿ ಬೈಯಲು ಬಾಯಿ ತೆರೆದಳು. ಅವಳಿಗೂ ಓಣಿ ಗೊತ್ತಿತ್ತು, ಪಂಚಮಿಯೂ ಗೊತ್ತಿತ್ತು. “ಸೀರಿ ನಾನ ಆರಸ್ತೇನಿ,” ಎಂದಳು. “ನೀವು ಅಂಗಡಿಗೆ ಬಂದು ಸುಕ್ಕಿಂದು ಕೇಳಬ್ಯಾಡ್ರಿ.”

ಅಲ್ಲಿಂದ ತಿರಕಪ್ಪನವರ ಮನೆಯಲ್ಲಿ ತಯಾರಿ ಶುರುವಾಯಿತು. ಒಂದು ಮಾತಿನಲ್ಲಿ ಮಾತ್ರ ಗಂಡ ಹೆಂಡತಿಗೆ ಹೊಂದಲಿಲ್ಲ. ಹಾನಿಯಾದದ್ದು ಮೆಣಸಿನಕಾಯಿ, ಆದ್ದರಿಂದ ಅದನ್ನೂ ತುಂಬಿಕೊಡಲೇಬೇಕು ಎಂದು ತಿರಕಪ್ಪನವರು.

“ಉಡ್ಯಾಗ ಖಾರಾ ಹಾಕತೀರನು? ತವರಿನ ಉಡ್ಯಾಗ ಮೆಣಸಿನಕಾಯಿ ಹಾಕಿದ್ರ ಜಗಳಾ ಕಟ್ಟಿ ಕೊಟ್ಟಂಗ.”

“ಸ್ವಲ್ಪ ಜಗಳ ಇದ್ದರೆ ಒಳ್ಳೆಯದು ಎಂದು ಬೀಗರೇ ಹೇಳಿದ್ದಾರೆ.”

ಕೊನೆಗೆ ಮೆಣಸಿನಕಾಯಿ ಬೇರೆ ಚೀಲದಲ್ಲಿ, ಹಿತ್ತಲ ಬಾಗಿಲಿನಿಂದ, ಗದಿಗೆವ್ವ ಇಲ್ಲದ ಹೊತ್ತಿನಲ್ಲಿ ಹೋಯಿತು. ಸಂಜೆ ಹೊಳಿಯಪ್ಪ ಚೀಲಕ್ಕೆ ಮೂಗಿಟ್ಟು ಮೂಸಿ, ಗೋಡೆಯ ಮೇಲಿಂದ ಹೇಳಿದ. “ಬೀಗರ, ನಿಮಗ ಮೋಸಾ ಮಾಡ್ಯಾರ. ಇದು ನಮ್ಮೂರ ಕಾಯಿ ಅಲ್ಲ.” ಬ್ಯಾಡಗಿಯಲ್ಲಿ ಹುಟ್ಟಿ, ಬ್ಯಾಡಗಿಯಲ್ಲೇ ಪರ ಊರಿನ ಮೆಣಸಿನಕಾಯಿ ಕೊಂಡ ಮನುಷ್ಯ ಎಂದು ತಿರಕಪ್ಪನವರ ಹೆಸರು ಒಂದು ವಾರ ಮಾರುಕಟ್ಟೆಯಲ್ಲಿ ಓಡಾಡಿತು.

ಪಂಚಮಿ ಬಂತು. ಪುಷ್ಪಾವತಿ ಉಡಿಯ ತಟ್ಟೆ ಹಿಡಿದು, ಹಸಿರು ಸೀರೆಯ ಮೇಲೆ ಖಣ ಇಟ್ಟುಕೊಂಡು, ಗಂಡನ ಹಿಂದೆ ಗದಿಗೆವ್ವನ ಅಂಗಳಕ್ಕೆ ಬಂದಳು. ಉಡಚವ್ವ ಮೊದಲೇ ಬಂದು ಜಾಗ ಹಿಡಿದಿದ್ದಳು. ರಹಿಮಾನಸಾಬ ಗಿರಣಿ ನಿಲ್ಲಿಸಿ ಬಾಗಿಲಲ್ಲಿ ನಿಂತ. ಗದಿಗೆವ್ವ ಮಣೆಯ ಮೇಲೆ ಕೂತು ಸೆರಗು ಒಡ್ಡಿದಳು.

ಅಷ್ಟರಲ್ಲಿ ಓಣಿಯ ತುದಿಯಿಂದ ಒಂದು ಮೋಟಾರ್‌ಸೈಕಲ್ ನಾಯಿಗಳನ್ನೆಲ್ಲ ಎಬ್ಬಿಸಿಕೊಂಡು ಬಂತು. ಇಳಿದವನ ಒಂದು ಬಗಲಲ್ಲಿ ಬಟ್ಟೆಯ ಗಂಟು, ಇನ್ನೊಂದು ಕೈಯಲ್ಲಿ ಉಂಡಿಯ ಡಬ್ಬಿ. ಗದಿಗೆವ್ವ ನೋಡಿ ಮುಖ ತಿರುಗಿಸಿದಳು. ಅವನು ಲಕ್ಕಪ್ಪ ಎಂದು ಹೇಳಲು ಬೇರೆ ಯಾರೂ ಬೇಕಾಗಲಿಲ್ಲ.

ಉಡಚವ್ವನ ತಂಗಿಯನ್ನು ಕೊಟ್ಟ ಊರು ಐರಣಿ. ನಿನ್ನ ಅಕ್ಕಗ ಬ್ಯಾಡಗ್ಯಾಗ ಬ್ಯಾರೆ ಅಣ್ಣ ಹುಟ್ಯಾನ ಎಂದು ಯಾರೋ ಹೊಳೆಯ ದಂಡೆಯಲ್ಲಿ ಅಂದದ್ದು ಲಕ್ಕಪ್ಪನ ಎದೆಗೆ ಚುಚ್ಚಿತ್ತು.

“ನಮ್ಮ ಅಕ್ಕಗ ಉಡಿ ತುಂಬಾಕ ನೀವ್ಯಾರು?” ಎಂದ ಲಕ್ಕಪ್ಪ.

ಪುಷ್ಪಾವತಿ ಗಂಡನ ಮುಖ ನೋಡಿದಳು. ಇಷ್ಟು ಸುಲಭದ ಬಿಡುಗಡೆ ಮತ್ತೆ ಸಿಗುವುದಿಲ್ಲ. ಖರೇ ತಮ್ಮ ಬಂದಿದ್ದಾನೆ, ನಮ್ಮದು ಬರೇ ಮೆಣಸಿನಕಾಯಿಯ ಲೆಕ್ಕ ಎಂದು ಹೇಳಿ ತಟ್ಟೆ ಎತ್ತಿಕೊಂಡು ಬಂದರೆ ಮುಗಿಯಿತು.

“ನಾ ಆಕಿ ಅಣ್ಣ,” ಎಂದರು ತಿರಕಪ್ಪನವರು. “ನೀವ್ಯಾರು?”

“ನಾ ಒಡಹುಟ್ಟಿದ ತಮ್ಮ.”

“ಹ್ವಾದ ವರ್ಷ ಈಕಿಗೆ ಜ್ವರಾ ಬಂದಾಗ ಎಲ್ಲಿದ್ದೆಪಾ ಒಡಹುಟ್ಟಿದಾಂವ?”

“ಜ್ವರಾ ಬಂದಿತ್ತ?” ಲಕ್ಕಪ್ಪನ ದನಿ ಇಳಿಯಿತು.

“ಬಂದಿತ್ತು,” ಎಂದಳು ಉಡಚವ್ವ. “ನಾ ಮುಟ್ಟಿ ನೋಡೇನಿ. ಸುಡತಿತ್ತು.”

ಗದಿಗೆವ್ವ ತಲೆ ಎತ್ತಿ ಉಡಚವ್ವನನ್ನು ನೋಡಿದಳು. ಉಡಚವ್ವ ಬೇರೆ ಕಡೆ ನೋಡುತ್ತಿದ್ದಳು.

“ಯಾಕ ಬಂದಿ?” ಎಂದು ಗದಿಗೆವ್ವ ತಮ್ಮನನ್ನು ಕೇಳಿದಳು. “ಫೋನಿನ್ಯಾಗ ಒಂದ್ ಸೀರಿ ಚಿತ್ರಾ ಕಳಸಿದ್ರ ನಡೀತಿತ್ತಲ್ಲ. ಉಟಗೊಂಡು ಕುಂದ್ರತಿದ್ದೆ.”

ರಹಿಮಾನಸಾಬ ನಗು ತಡೆಯಲಾರದೆ ಗಿರಣಿಯ ಒಳಗೆ ಹೋಗಿ ನಕ್ಕು ಬಂದ.

ಲಕ್ಕಪ್ಪ ಡಬ್ಬಿಯನ್ನು ಕೆಳಗಿಟ್ಟ. ದೊಡ್ಡ ಮೀಸೆಯ ಮನುಷ್ಯ, ಮೀಸೆ ಸುಮ್ಮನೆ ಅಲುಗಾಡಿತು. “ತಪ್ಪಾತಬೇ ಅಕ್ಕಾ. ಮನಿಗೆ ಬರಬೇಕಿತ್ತು. ಗಡಿಬಿಡ್ಯಾಗ ಬಿಟ್ಟೆ, ಆಮ್ಯಾಲ ಬರಾಕ ಸೊಕ್ಕು ಬಿಡಲಿಲ್ಲ. ಇಷ್ಟು ಪಂಚಮಿ ನಾ ನಿನಗ ಹೆಂಗ ತುಂಬಿ ಕೊಡ್ಲಿ?”

ತಿರಕಪ್ಪನವರು ಆ ಮಾತನ್ನು ಬಾಯಲ್ಲಿ ಒಮ್ಮೆ ಮೆಲ್ಲಗೆ ಆಡಿ ನೋಡಿಕೊಂಡರು. ಅರ್ಥ, ಬಳಕೆ ಎರಡೂ ಸರಿಯಾಗಿದ್ದವು.

“ತುಂಬೂದಿದ್ರ ಸರತಿಲೆ ತುಂಬ್ರಿ,” ಎಂದಳು ಗದಿಗೆವ್ವ ಕಣ್ಣು ಒರೆಸಿಕೊಂಡು. “ಮೊದಲ ಬಂದಾಂವ ಅಣ್ಣ. ಪುಷ್ಪಾವತಿ ವೈನಿ, ನೀವು ತುಂಬ್ರಿ. ಆಮ್ಯಾಲ ನಿಂದು ನೋಡೋಣಂತ.”

“ಹಂಗಾರ ನಡಿ, ಉಡಿ ತುಂಬಿಸಿಕೊಂಡು ಇವತ್ತ ಐರಣಿಗೆ ಹೋಗೂಣು,” ಎಂದ ಲಕ್ಕಪ್ಪ.

“ಅದ್ಹೆಂಗ?” ಎಂದರು ತಿರಕಪ್ಪನವರು. “ಉಡಿ ತುಂಬಿದ ಮ್ಯಾಲ ತಂಗಿ ಮೊದಲ ನಮ್ಮನಿಗೆ ಬರಬೇಕು. ನಾಕ ದಿನಾ ಇದ್ದು, ಉಂಡು ತಿಂದು, ಆಮ್ಯಾಲ ಎಲ್ಲಿಗಾರ ಹೋಗ್ಲಿ. ನೀನೂ ಬಾ. ಉಂಡು ಹೋಗು.”

ಜಗಳ ಮಧ್ಯಾಹ್ನದ ಊಟದವರೆಗೂ ನಡೆಯಿತು. ಮನೆಯಲ್ಲಿ ಬೀಗರ ಜಗಳ ಕೇಳಿ ಹೊಳಿಯಪ್ಪನ ಮುಖ ಅರಳಿತ್ತು. ತಿರಕಪ್ಪನವರೇ ಗೆದ್ದರು. ಎರಡೂ ಉಡಿ ಹೆಂಗಸರ ಕೈಯಿಂದ ತುಂಬಿದವು, ಲಕ್ಕಪ್ಪ ಉಂಡು ಒಬ್ಬನೇ ಐರಣಿಗೆ ಹೋದ. ಗದಿಗೆವ್ವ ಒಂದು ಕೈಚೀಲದಲ್ಲಿ ಸೀರೆ ಹಾಕಿಕೊಂಡು, ಹೊಸ್ತಿಲಿಗೆ ನಮಸ್ಕಾರ ಮಾಡಿ, ಗಂಡನಿಗೆ ಬಾಗಿಲು ಹಾಕಿಕೊಳ್ಳಲು ಹೇಳಿ, ತವರಿಗೆ ಹೊರಟಳು. ತವರು ಬಂದಿತು. ಪುಷ್ಪಾವತಿ ಅವಳನ್ನು ಒಲೆಯ ಹತ್ತಿರ ಬಿಡಲಿಲ್ಲ. ಹಿತ್ತಲ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದರು. ಐವತ್ತು ದಾಟಿದ ಗದಿಗೆವ್ವ ಜೀಕುವಾಗ ಅವಳ ತಲೆ ಗೋಡೆಯ ಮೇಲೆ ಒಮ್ಮೆ ಕಾಣುತ್ತಿತ್ತು, ಒಮ್ಮೆ ಕಾಣುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಗೋಡೆಯ ಆಚೆಯಿಂದ ಹೊಳಿಯಪ್ಪ ಕರೆದ. ಜೋಕಾಲಿಯಲ್ಲಿ ಅವಳ ತಲೆ ಮೇಲೆ ಬಂದಾಗಲೇ ಹೇಳಬೇಕು, ಇಲ್ಲದಿದ್ದರೆ ಮಾತು ಗೋಡೆಗೆ ಬೀಳುತ್ತದೆ.

“ಏ ಇವಳ, ಬ್ಯಾಳಿ ಡಬ್ಬಿ ಎಲ್ಲೈತಿ?”

ತಲೆ ಕೆಳಗೆ ಹೋಯಿತು, ಮೇಲೆ ಬಂತು. “ನಾ ತವರಿಗೆ ಬಂದೇನಿ.”

“ಗೊತ್ತೈತಿ. ಯಾವಾಗ ಬರ್ತಿ?”

“ತವರಿಗೆ ಹ್ವಾದಾಕಿನ್ನ ಹಿಂಗ ಗ್ವಾಡಿ ಮ್ಯಾಲಿಂದ ಕರೀತಾರನು?” ತಲೆ ಕೆಳಗೆ ಹೋಗಿ ಮತ್ತೆ ಬಂತು. “ಛಂದಂಗ ಬಂದು, ಕುಂತು, ಉಂಡು, ಮರ್ಯಾದಿಲೆ ಕರಕೊಂಡ ಹೋಗ್ರಿ.”

ಹೊಳಿಯಪ್ಪ ಒಳಗೆ ಹೋಗಿ ಜಳಕ ಮಾಡಿ, ಮಡಚಿಟ್ಟ ಧೋತರ ಉಟ್ಟು, ಮದುವೆಯಲ್ಲಿ ಆಯೇರಿಯ ಉಡುಗೊರೆಯಾಗಿ ಬಂದ ಟೋಪಿ ಹಾಕಿಕೊಂಡು, ಮನೆಗೆ ಕೀಲಿ ಹಾಕಿದ. ಬರಿಗೈಯಲ್ಲಿ ಹೋಗಬಾರದೆಂದು ಅಂಗಡಿಯ ತನಕ ಹೋಗಿ ಬಾಳೆಹಣ್ಣು ತಂದ. ಪಕ್ಕದ ಗೇಟಿನ ಮುಂದೆ ನಿಂತು ಕೆಮ್ಮಿದ.

ತಿರಕಪ್ಪನವರು ಕಾಲು ತೊಳೆಯಲು ತಂಬಿಗೆಯಲ್ಲಿ ನೀರು ಹಿಡಿದು ಹೊರಗೆ ಬಂದರು.

“ಬರ್ರಿ ಬೀಗರ, ಬರ್ರಿ,” ಎಂದರು. “ದಾರ್ಯಾಗ ಏನೂ ತ್ರಾಸ ಆಗಲಿಲ್ಲಲ್ರಿ?”